ಮರಸೇಬಿನ ಕಣಿವೆಯ ಮಠ

ಅರ್ಮೇನಿಯನ್ ಶಕೆ 637, ಕ್ರಿಸ್ತಶಕದ ಲೆಕ್ಕದಲ್ಲಿ 1188. ಅದರ ಆಸುಪಾಸಿನಲ್ಲಿ ಕಾಯೆನ್ ಸೀಮೆಯ ನೆಲ ನಡುಗಿ, ಗೆತಿಕ್ ಎಂಬ ಹಳೆಯ ಮಠ ಕುಸಿದುಬಿತ್ತು. ತಲೆಮಾರುಗಳಿಂದ ಮಂತ್ರ, ಗಾನ, ಪಾಠಗಳನ್ನು ಕೇಳಿದ್ದ ಗೋಡೆಗಳು ಮಣ್ಣು ಕಲ್ಲಿನ ರಾಶಿಯಾದವು. ಸನ್ಯಾಸಿಗಳು ಕಂಗೆಟ್ಟರು. ಗಂಟುಮೂಟೆ ಕಟ್ಟಿಕೊಂಡು ದಿಕ್ಕಿಗೊಬ್ಬರಾಗಿ ಹೊರಟುಬಿಡೋಣವೆಂಬ ಯೋಚನೆ ಹಲವರಲ್ಲಿ ಎದ್ದಿತ್ತು. ಅವರ ನಡುವೆ ವಯಸ್ಸಾದ ಗುರುವೊಬ್ಬನಿದ್ದ. ಹೆಸರು ಮ್ಖಿತಾರ. ಗಡ್ಡ ತೆಳುವಾಗಿದ್ದುದರಿಂದ ಜನ ಅವನನ್ನು 'ಗೋಶ್' ಎಂದು ಕರೆಯುತ್ತಿದ್ದರು. ಅಡ್ಡಹೆಸರಾಗಿ ಅಂಟಿದ ಆ ಎರಡಕ್ಷರ ಮುಂದೆ ಒಂದು ಊರಿಗೂ ಒಂದು ಮಹಾಮಠಕ್ಕೂ ಹೆಸರಾಗಿ ನಿಲ್ಲುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಬಿದ್ದ ಮಠವನ್ನು ಬಿದ್ದಲ್ಲೇ ಎತ್ತಿ ಕಟ್ಟಲು ಮ್ಖಿತಾರ ಹೋಗಲಿಲ್ಲ. ಶಿಷ್ಯರನ್ನು ಕರೆದುಕೊಂಡು ಕಾಡಿನೊಳಗೆ ಮತ್ತಷ್ಟು ನಡೆದು ಬೇರೊಂದು ಜಾಗ ಹಿಡಿದ. ಅದು ತಂಝುತ್ ಕಣಿವೆ. ಅಲ್ಲಿನ ಮಾತಿನಲ್ಲಿ ತಂಝ್ ಎಂದರೆ ಮರಸೇಬು. ತಂಝುತ್ ಎಂದರೆ ಮರಸೇಬಿನ ಮರಗಳಿರುವ ತಾಣ. ಸೀಮೆಯ ಒಡೆಯನಾಗಿದ್ದ ಇವಾನೆ ಝಕಾರಿಯಾನನ ಒಪ್ಪಿಗೆ ದೊರೆಯಿತು. ಹೊಸ ಮಠಕ್ಕೆ ಮ್ಖಿತಾರ ಇಟ್ಟ ಹೆಸರು ನೋರ್ ಗೆತಿಕ್, ಅಂದರೆ ಹೊಸ ಗೆತಿಕ್. ಅವನು ಕಣ್ಮುಚ್ಚಿದ ಮೇಲೆ ಜನರ ಬಾಯಲ್ಲಿ ಅದು ಗೋಶಾವಾಂಕ್ ಆಯಿತು: ಗೋಶನ ಮಠ.

ಇಂದು ಅಲ್ಲಿಗೆ ಹೋಗುವವರು ದಿಲಿಜಾನ್ ಪಟ್ಟಣದಿಂದ ಮೂಡಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ಸಾಗಬೇಕು. ಅರ್ಮೇನಿಯಾ ಎಂದೊಡನೆ ಕಣ್ಣಿಗೆ ಕಟ್ಟುವುದು ಬೋಳು ಬೆಟ್ಟ, ಒಣಹುಲ್ಲು, ಬಿಸಿಲಿಗೆ ಕಾದ ಕಲ್ಲು. ಈಶಾನ್ಯದ ಈ ಮೂಲೆ ಮಾತ್ರ ಅದಕ್ಕೆ ಹೊರತು. ಇಳಿಜಾರಿನ ತುಂಬ ಓಕ್, ಬೀಚ್, ಹಾರ್ನ್‌ಬೀಮ್ ಮರಗಳು. ನಡುನಡುವೆ ತಾನಾಗಿ ಬೆಳೆದ ಕಾಡು ಮರಸೇಬು. ಬೆಳಗಿನ ಮಂಜು ಕಣಿವೆಯಿಂದ ಏಳಲು ಅವಸರ ಮಾಡುವುದಿಲ್ಲ. ಕಾಡು ತೆರೆದುಕೊಳ್ಳುವಲ್ಲಿ ಒಂದು ಸಣ್ಣ ಹಳ್ಳಿ. ಹಳ್ಳಿಯ ಹೆಂಚಿನ ಮಾಡುಗಳ ಮೇಲೆ ಕಲ್ಲಿನ ಶಂಕುವಿನಂಥ ಶಿಖರಗಳು. ಮಠದ ಮುಂದೆ ಮ್ಖಿತಾರನ ಪ್ರತಿಮೆ ನಿಂತಿದೆ. ಒಳಗೆ ಹೋಗುವ ಮುನ್ನ ಆ ಮನುಷ್ಯನ ಕತೆಯನ್ನು ತಿಳಿಯುವುದು ಲೇಸು. ಅದನ್ನು ತಿಳಿಯದೆ ಹೋದರೆ ಕಲ್ಲುಗಳು ಕಲ್ಲುಗಳಾಗಿಯೇ ಉಳಿಯುತ್ತವೆ.

*

ಮ್ಖಿತಾರ ಹುಟ್ಟಿದ್ದು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಗಂಝಾಕ್ ನಗರದಲ್ಲಿ. ಈಗ ಅದು ಅಜರ್‌ಬೈಜಾನಿನ ಗಂಜಾ. ಬಾಲ್ಯದಲ್ಲೇ ಓದಿಗೆ ಕುಳಿತು, ಸನ್ಯಾಸ ಹಿಡಿದು, ಹೋವಾನ್ನೆಸ್ ತವುಶೆತ್ಸಿ ಎಂಬ ಗುರುವಿನ ಬಳಿ ಪಳಗಿ 'ವರ್ದಪೆತ್' ಪದವಿಯನ್ನು ಪಡೆದ. ವರ್ದಪೆತ್ ಎಂದರೆ ಶಾಸ್ತ್ರ ಹೇಳುವ, ಉಪದೇಶಿಸುವ ಅಧಿಕಾರವುಳ್ಳ ಪಂಡಿತ ಸನ್ಯಾಸಿ. ಆ ಅಧಿಕಾರದ ಕುರುಹಾಗಿ ಅವನ ಕೈಗೆ ದಂಡ ಕೊಡುತ್ತಾರೆ. ಅಷ್ಟು ಸಿಕ್ಕಿದವರು ಸಾಮಾನ್ಯವಾಗಿ ಪೀಠದ ಮೇಲೆ ಕೂರುತ್ತಾರೆ. ನೆಲದ ಮೇಲೆ ಮತ್ತೆ ಕೂರುವುದಿಲ್ಲ.

ಮ್ಖಿತಾರ ಕುಳಿತ. ಪಡುವಣದ ಅರ್ಮೇನಿಯನ್ ಪಂಡಿತರ ಕೀರ್ತಿ ಕೇಳಿ ಮೆಡಿಟರೇನಿಯನ್ ಕಡಲಿನ ಮಗ್ಗುಲಲ್ಲಿದ್ದ ಕಿಲಿಕಿಯಾ ನಾಡಿಗೆ ನಡೆದ. ಅಲ್ಲಿನ ಕರಿಬೆಟ್ಟವೆಂಬ ಮಲೆಯ ಮಠಗಳು ವಿದ್ಯೆಗೆ ಹೆಸರಾಗಿದ್ದವು. ತನಗೆ ಆಗಲೇ ವರ್ದಪೆತ್ ಪದವಿ ಇದೆಯೆಂಬುದನ್ನು ಅವನು ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಹೊಸ ಹುಡುಗರ ಜೊತೆ ಹೊಸಬನಾಗಿ ಪಾಠಕ್ಕೆ ಕುಳಿತು, ಮೊದಲಿನಿಂದ ಓದಿ, ಅದೇ ಪದವಿಯನ್ನು ಎರಡನೆಯ ಸಲ ಪಡೆದ. ಈ ಸಂಗತಿಯನ್ನು ಬರೆದಿಟ್ಟವನು ಕಿರಾಕೋಸ್ ಗಂಝಾಕೆತ್ಸಿ, ಮ್ಖಿತಾರನ ಶಿಷ್ಯನ ಶಿಷ್ಯ. ಗುರುವಿನ ಗುಣ ಹೇಳುವಾಗ ಅವನು ಪವಾಡಗಳನ್ನು ಹುಡುಕಿಕೊಂಡು ಹೋಗದೆ ಈ ಒಂದು ವಿನಯವನ್ನು ಎತ್ತಿ ಹಿಡಿದಿದ್ದಾನೆ. ಇದ್ದುದನ್ನು ಬದಿಗಿಟ್ಟು ಮೊದಲಿನಿಂದ ಶುರು ಮಾಡುವ ಈ ಗುಣವೇ ಮ್ಖಿತಾರನ ಮುಂದಿನ ಬಾಳನ್ನೆಲ್ಲ ನಡೆಸಿತು.

ಊರಿಗೆ ಮರಳುವ ದಾರಿಯಲ್ಲಿ, ಕಾರಿನ್ ಪಟ್ಟಣದಲ್ಲಿ, ಕುರ್ದ್ ಎಂಬ ಅರ್ಮೇನಿಯನ್ ಪಾಳೆಯಗಾರನ ಸ್ನೇಹವಾಯಿತು. ಗಂಝಾಕಿನಲ್ಲಿ ಮಾತ್ರ ನೆಮ್ಮದಿ ಕಾದಿರಲಿಲ್ಲ. ಶಿಷ್ಯರು ಅವನ ಸುತ್ತ ಜೇನಿನಂತೆ ಮುತ್ತಿಕೊಂಡದ್ದು ಅಲ್ಲಿನ ಧರ್ಮಾಧ್ಯಕ್ಷನ ಕಣ್ಣು ಕುಕ್ಕಿತು. ನಗರವಾಳುವ ಅಮೀರನ ಬಳಿ ಚಾಡಿ ಹೋಯಿತು. ಮ್ಖಿತಾರ ಊರು ಬಿಟ್ಟು ಖಾಚೆನ್ ಬೆಟ್ಟಗಳಿಗೆ ಹೋಗಿ, ಹಾತೆರ್ಕಿನ ದೊರೆ ವಾಖ್ತಂಗನ ಆಸರೆ ಪಡೆದ. ಅಲ್ಲಿಂದ ಗೆತಿಕ್ ಮಠಕ್ಕೆ ಬಂದ. ಅಲ್ಲಿ ಕಾದಿದ್ದದ್ದು ಭೂಕಂಪ.

*

ಮ್ಖಿತಾರನ ಕಾಲದ ಅರ್ಮೇನಿಯಾಕ್ಕೆ ಅರಸನಿರಲಿಲ್ಲ. 1045ರಲ್ಲಿ ಬಗ್ರಾತುನಿ ವಂಶದ ರಾಜಧಾನಿ ಆನಿ ಬೈಜಾಂಟಿಯಂ ಸಾಮ್ರಾಜ್ಯದ ಪಾಲಾಗಿತ್ತು. 1064ರಲ್ಲಿ ಸೆಲ್ಜುಕ್ ಸುಲ್ತಾನ ಅಲ್ಪ್ ಅರ್ಸಲಾನ್ ಅದನ್ನು ಮುರಿದು ಒಳನುಗ್ಗಿದ. ಅದಾದ ಮೇಲೆ ಉಳಿದದ್ದು ಬೆಟ್ಟದ ಕೋಟೆಗಳಲ್ಲಿನ ಸಣ್ಣಪುಟ್ಟ ಪಾಳೆಯಪಟ್ಟುಗಳು, ಮತ್ತು ಮಠಗಳು. ಅರಸೊತ್ತಿಗೆ ಹೋದಾಗ ಕಿರೀಟದ ಜೊತೆಗೆ ನ್ಯಾಯವೂ ಹೋಗುತ್ತದೆ. ಹೊಲದ ಬದು, ಹೆಣ್ಣಿನ ಉಡುಗೊರೆ, ಸತ್ತ ಎತ್ತಿನ ಬೆಲೆ ಇವುಗಳ ವ್ಯಾಜ್ಯವನ್ನು ಯಾರ ಮುಂದೆ ಇಡಬೇಕು? ಜನ ಅನ್ಯಮತದ ಕಾಜಿಗಳ ಕಟ್ಟೆ ಹತ್ತುತ್ತಿದ್ದರು. ಅರ್ಮೇನಿಯನ್ನರಿಗೆ ಬರೆದಿಟ್ಟ ಕಾನೂನೇ ಇಲ್ಲವೆಂಬ ಹೀಯಾಳಿಕೆ ಮ್ಖಿತಾರನ ಕಿವಿಗೆ ಬೀಳುತ್ತಿತ್ತು.

1184ರಲ್ಲಿ ಅವನು 'ದತಸ್ತಾನಗಿರ್ಕ್' ಎಂಬ ನ್ಯಾಯಗ್ರಂಥ ಬರೆಯಲು ಕೈಹಾಕಿದ. ಮೋಶೆಯ ಧರ್ಮಶಾಸ್ತ್ರ, ಚರ್ಚಿನ ಹಳೆಯ ನಿಯಮಗಳು, ಹಳ್ಳಿಗಳಲ್ಲಿ ರೂಢಿಯಲ್ಲಿದ್ದ ಪದ್ಧತಿ ಎಲ್ಲವನ್ನೂ ಒಟ್ಟುಗೂಡಿಸಿದ. ಈ ಕೆಲಸವನ್ನು ಯಾಕೆ ಕೈಗೊಂಡೆನೆಂದು ಪೀಠಿಕೆಯಲ್ಲಿ ಒಂದೊಂದಾಗಿ ಕಾರಣ ಹೇಳಿದ್ದಾನೆ: ಲಿಖಿತ ನ್ಯಾಯವಿಲ್ಲವೆಂಬ ನಿಂದೆಗೆ ಉತ್ತರ ಕೊಡಬೇಕು, ನಮ್ಮವರು ಪರರ ನ್ಯಾಯಸ್ಥಾನದ ಬಾಗಿಲು ಬಡಿಯುವುದು ತಪ್ಪಬೇಕು. ಗ್ರಂಥದೊಳಗೆ ಕಾಲಿಟ್ಟರೆ ಮದುವೆ, ಆಸ್ತಿ, ಕಳವುಗಳ ಜೊತೆಗೆ ಗಿರಣಿ, ದ್ರಾಕ್ಷಿತೋಟ, ಕುದುರೆ, ಹಸು, ಜೇನುಗೂಡುಗಳ ಮಾರಾಟದ ತಕರಾರಿಗೂ ನಿಯಮ ಸಿಗುತ್ತದೆ. ಒಬ್ಬ ಸನ್ಯಾಸಿ ರೈತನ ಅಂಗಳದಲ್ಲಿ ಎಷ್ಟು ಹೊತ್ತು ಕುಳಿತಿದ್ದನೆಂಬುದು ಅದರಿಂದಲೇ ಗೊತ್ತಾಗುತ್ತದೆ. ಸೃಷ್ಟಿಕರ್ತನು ಮನುಷ್ಯನನ್ನು ಸ್ವತಂತ್ರನಾಗಿಯೇ ಹುಟ್ಟಿಸಿದ, ನೆಲ ಮತ್ತು ನೀರಿನ ಅಗತ್ಯವೇ ಅವನನ್ನು ಒಡೆಯರಿಗೆ ಅಧೀನನನ್ನಾಗಿ ಮಾಡಿತು ಎಂಬ ಅರ್ಥದ ಮಾತನ್ನು ಅವನು ಹನ್ನೆರಡನೆಯ ಶತಮಾನದಲ್ಲೇ ಬರೆದ. ಅಷ್ಟೇ ಸೋಜಿಗದ ಇನ್ನೊಂದು ಸಂಗತಿಯೂ ಅದರಲ್ಲಿದೆ. ನಾಡಿನಲ್ಲಿ ಅರಸನೇ ಇಲ್ಲದ ಹೊತ್ತಿನಲ್ಲಿ ಅರಸನ ಹಕ್ಕುಬಾಧ್ಯತೆಗಳಿಗೂ ಅವನು ಗ್ರಂಥದಲ್ಲಿ ಜಾಗ ಬಿಟ್ಟಿದ್ದ. ಬರಲಿರುವ ಅತಿಥಿಗೆ ಮೊದಲೇ ಮಣೆ ಹಾಕಿಟ್ಟ ಹಾಗೆ.

ಅವನು ಕತೆಗಾರನೂ ಹೌದು. ಮರ, ಮೃಗ, ಹಕ್ಕಿಗಳು ಮಾತಾಡುವ 190 ನೀತಿಕತೆಗಳು ಅವನ ಹೆಸರಿನಲ್ಲಿ ಉಳಿದಿವೆ. ಕಾಡಿನ ನಡುವೆ ಬಾಳಿದವನಿಗೆ ಪಾತ್ರಗಳಿಗೆ ಬರವಿರಲಿಲ್ಲ.

*

ತಂಝುತ್ ಕಣಿವೆಯಲ್ಲಿ ಮೊದಲು ಎದ್ದದ್ದು ಮರದ ಗುಡಿ. ಕೈಗೆಟಕುವ ದೂರದಲ್ಲಿ ಕಾಡು. ಕೊಡಲಿಯಿದ್ದರೆ ಸಾಕು, ಚಳಿಗಾಲಕ್ಕೆ ಮುನ್ನ ಸೂರಾಗುತ್ತದೆ. ಕಲ್ಲಿನ ಕೆಲಸ ಅರ್ಮೇನಿಯನ್ ಶಕೆ 640ರಲ್ಲಿ, ಅಂದರೆ 1191ರಲ್ಲಿ ಆರಂಭವಾಯಿತು. ಕುರ್ದ್, ವಾಖ್ತಂಗ ಮೊದಲಾದ ಹಳೆಯ ಆಪ್ತರ ನೆರವು ಹರಿದುಬಂತು. ಐದು ವರ್ಷಕ್ಕೆ, 1196ರಲ್ಲಿ, ದೇವಮಾತೆಯ ಹೆಸರಿನ ಸೂರ್ಬ್ ಅಸ್ತ್ವತ್ಸಾತ್ಸಿನ್ ಚರ್ಚು ಮುಗಿಯಿತು: ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಕಿರುಕೋಣೆಗಳು. ನುಣುಪಾಗಿ ಕೆತ್ತಿದ ಕಲ್ಲನ್ನು ಒಳಮೈ ಹೊರಮೈಗಳಿಗೆ ಜೋಡಿಸಿ, ನಡುವಣ ಪೊಳ್ಳಿಗೆ ಸುಣ್ಣದ ಗಾರೆ ಬೆರೆಸಿದ ಕಲ್ಲುಚೂರು ತುಂಬಿ ಗೋಡೆ ಎಬ್ಬಿಸುವುದು ಅರ್ಮೇನಿಯದ ಕಟ್ಟಡಗಾರರ ಹಳೆಯ ಪದ್ಧತಿ. ಗಾರೆ ಗಟ್ಟಿಯಾದಂತೆ ಗೋಡೆಯೆಲ್ಲ ಒಂದೇ ಬಂಡೆಯಾಗುತ್ತದೆ. ನೆಲ ನಡುಗುವ ನಾಡಿನಲ್ಲಿ ಕಲಿತ ಪಾಠವಿದು.

ಹೊಸ ಚರ್ಚಿಗೆ ಬಂದ ಕಾಣಿಕೆಗಳಲ್ಲಿ ಒಂದನ್ನು ಕಿರಾಕೋಸ ಬಣ್ಣಿಸಿದ್ದಾನೆ. ವಾಖ್ತಂಗನ ಹೆಂಡತಿ ಅರ್ಜು ಖಾತೂನ್ ಮತ್ತು ಅವಳ ಹೆಣ್ಣುಮಕ್ಕಳು ಸೇರಿ ವೇದಿಕೆಗೆ ಒಂದು ತೆರೆ ಮಾಡಿಕೊಟ್ಟರು. ಮೇಕೆಯ ಮೆತ್ತನೆಯ ಕೂದಲಿನ ನೂಲು, ಬಗೆಬಗೆಯ ಬಣ್ಣ. ಕೆತ್ತಿದಂತೆ ಎದ್ದುಕಾಣುವ ಕಸೂತಿಯಲ್ಲಿ ಕ್ರಿಸ್ತನ ಚರಿತ್ರೆ, ಸಂತರ ರೂಪಗಳು. ನೋಡಿದವರು ಬೆರಗಾಗಿ ನಿಲ್ಲುತ್ತಿದ್ದರಂತೆ. ಹಾಘ್ಪಾತ್, ಮಕರಾವಾಂಕ್, ದದಿವಾಂಕ್ ಮಠಗಳಿಗೂ ಆ ಕೈಗಳೇ ಅಂಥ ತೆರೆಗಳನ್ನು ಹೆಣೆದವು. ತೆರೆಗಳು ಉಳಿದಿಲ್ಲ. ಬರೆದಿಟ್ಟದ್ದರಿಂದ ಆ ಹೆಂಗಸರ ಸೂಜಿಯ ಕೆಲಸ ಮಾತ್ರ ಮರೆಯಾಗಿಲ್ಲ.

ಚರ್ಚಿನ ಪಡುವಣ ಬಾಗಿಲಿಗೆ ಹೊಂದಿಸಿ 1197ರಿಂದ 1203ರವರೆಗೆ ಕಟ್ಟಿದ್ದು ಗವಿತ್. ಯಾತ್ರಿಕರು ಈಗಲೂ ಮೊದಲು ಕಾಲಿಡುವುದು ಈ ಮಂಟಪಕ್ಕೆ. ಹೊರಗಿನ ಬೆಳಕಿನಿಂದ ಒಳಹೊಕ್ಕವರಿಗೆ ಒಂದು ಗಳಿಗೆ ಏನೂ ಕಾಣದು. ಕಣ್ಣು ಹೊಂದಿಕೊಂಡ ಮೇಲೆ ನಾಲ್ಕು ಕಂಬಗಳು, ಅವುಗಳ ಮೇಲೆ ಹಬ್ಬಿದ ಕಮಾನುಗಳು, ನಡುನೆತ್ತಿಯಲ್ಲಿ ಒಂದು ಬೆಳಕಿಂಡಿ. ಹಗಲು ಸರಿದಂತೆ ಅಲ್ಲಿಂದಿಳಿಯುವ ಬಿಸಿಲಿನ ಕೋಲು ನೆಲದ ಮೇಲಿನ ಸಮಾಧಿಗಲ್ಲುಗಳನ್ನು ಸವರುತ್ತ ಸಾಗುತ್ತದೆ. ಈ ಕಟ್ಟಣೆಯ ಮೂಲ ಅರಮನೆಯಲ್ಲಿಲ್ಲ. ಹಳ್ಳಿಯ ರೈತನ ಮನೆಯಲ್ಲಿದೆ. ಅಲ್ಲಿ ತೊಲೆಗಳನ್ನು ಮೂಲೆಯಿಂದ ಮೂಲೆಗೆ, ಸುತ್ತಿನ ಮೇಲೆ ಸುತ್ತಾಗಿ, ಮೇಲೆ ಹೋದಂತೆ ಕಿರಿದಾಗುವಂತೆ ಪೇರಿಸಿ ಮಾಡು ಕಟ್ಟುತ್ತಿದ್ದರು. ಕೊನೆಯಲ್ಲಿ ಉಳಿದ ಬಾಯಿ ಹೊಗೆ ಹೋಗುವುದಕ್ಕೂ ಬೆಳಕು ಬರುವುದಕ್ಕೂ ಆಗುತ್ತಿತ್ತು. ಸ್ಥಪತಿಗಳು ಆ ಮರದ ಮಾಡನ್ನು ಕಲ್ಲಿನಲ್ಲಿ ಮತ್ತೆ ನುಡಿದರು. ಹಾಗಾಗಿ ಹಳ್ಳಿಗನಿಗೆ ಗವಿತ್ ಪರಕೀಯವಾಗಿ ಕಂಡಿರಲಾರದು. ಅದು ಅವನ ಅಡುಗೆಮನೆಯೇ, ದೊಡ್ಡದಾಗಿ ಬೆಳೆದು ನಿಂತದ್ದು. ಸಭೆ, ಪಾಠ, ವ್ಯಾಜ್ಯದ ತೀರ್ಪು, ದೊಡ್ಡವರ ಶವಸಂಸ್ಕಾರ ಎಲ್ಲವೂ ಗವಿತ್‌ಗಳಲ್ಲೇ ನಡೆಯುತ್ತಿದ್ದವು.

ಇದೇ ಕಾಡಿನ ಇನ್ನೊಂದು ಮಡಿಲಲ್ಲಿ, ದಿಲಿಜಾನಿನ ಬಡಗಣಕ್ಕೆ, ಹಾಘಾರ್ತ್ಸಿನ್ ಮಠವಿತ್ತು. ಅಲ್ಲಿ ಖಚಾತುರ್ ತರೋನೆತ್ಸಿ ಎಂಬ ಗಾಯಕ ಮಠಾಧೀಶ ಹಾಡುಗಳಿಗೆ ಸ್ವರಚಿಹ್ನೆ ಹಾಕುವ ಕ್ರಮವನ್ನು ಬೆಳೆಸುತ್ತಿದ್ದ. ಒಂದು ಕಣಿವೆಯಲ್ಲಿ ನ್ಯಾಯ, ಇನ್ನೊಂದರಲ್ಲಿ ರಾಗ. ನಡುವೆ ಮಂಜು ಮುಸುಕಿದ ಬೆಟ್ಟದ ಸಾಲು.

*

ಆ ದಶಕಗಳು ನಾಡಿಗೆ ಉಸಿರಾಡಲು ಸಿಕ್ಕಿದ ಬಿಡುವು. ಜಾರ್ಜಿಯಾದ ರಾಣಿ ತಮಾರಳ ಸೇನಾಧಿಪತಿ ಝಕಾರೆ ಮತ್ತು ಅವನ ತಮ್ಮ ಇವಾನೆ ಆನಿಯನ್ನೂ ದ್ವಿನ್ ನಗರವನ್ನೂ ಮುಸ್ಲಿಂ ಒಡೆಯರ ಕೈಯಿಂದ ಬಿಡಿಸಿಕೊಂಡರು. ಅಣ್ಣ ಅರ್ಮೇನಿಯನ್ ಚರ್ಚಿನಲ್ಲೇ ಉಳಿದ. ತಮ್ಮ ಜಾರ್ಜಿಯನ್ನರ ಪಂಥವನ್ನು ಹಿಡಿದ. ಮ್ಖಿತಾರ ಝಕಾರೆಗೆ ಪಾಪನಿವೇದನೆ ಕೇಳುವ ಗುರುವಾಗಿದ್ದ. ದಂಡಿನಲ್ಲಿರುವ ಸೈನಿಕರಿಗಾಗಿ ಗುಡಾರದಲ್ಲೇ ವೇದಿಕೆ ಹೂಡಿ ಪೂಜೆ ನಡೆಸಬಹುದೇ ಎಂಬ ಜಗಳ ಹುಟ್ಟಿಕೊಂಡಾಗ ಝಕಾರೆ ಕೇಳಿದ್ದು ಈ ಮುದುಕನ ಸಲಹೆಯನ್ನೇ. ಜಾರ್ಜಿಯನ್ ಸೈನಿಕರಿಗೆ ಆ ಅನುಕೂಲವಿತ್ತು; ಅರ್ಮೇನಿಯದ ಪಾದ್ರಿಗಳಲ್ಲಿ ಹಲವರು ಅದು ಕೂಡದೆಂದು ಹಟ ಹಿಡಿದಿದ್ದರು. ಖಡ್ಗ ಹಿಡಿದವನು ದಂಡ ಹಿಡಿದವನ ಎದುರು ಕುಳಿತು ಮಾತು ಕೇಳುವ ಕಾಲ ಅದು.

1212ರಲ್ಲಿ ಝಕಾರೆ ತೀರಿಕೊಂಡ. ಮರುವರ್ಷ, 1213ರಲ್ಲಿ, ಮ್ಖಿತಾರನ ಸರದಿ. ಮಠದ ಹೊಣೆಯನ್ನು ಮಾರ್ತಿರೋಸ್ ಎಂಬ ಶಿಷ್ಯನಿಗೆ ಒಪ್ಪಿಸಿದ್ದಾಗಿತ್ತು. 1208ರಲ್ಲಿ ಬುನಾದಿ ಹಾಕಿದ್ದ ಸಂತ ಗ್ರಿಗೋರನ ಚರ್ಚು ಇನ್ನೂ ಅರ್ಧದಲ್ಲಿತ್ತು. ತನ್ನನ್ನು ಎಲ್ಲಿ ಮಣ್ಣು ಮಾಡಬೇಕೆಂಬುದನ್ನು ಅವನು ಮೊದಲೇ ನಿಶ್ಚಯಿಸಿದ್ದ. ಗವಿತ್‌ನ ನಡುವೆ ಅಲ್ಲ, ಗುಮ್ಮಟದ ನೆರಳಿನಲ್ಲೂ ಅಲ್ಲ. ಮಠದಾಚೆ ಮೇಲಿನ ಗುಡ್ಡದಲ್ಲಿ, ತಾನು ಏಕಾಂತಕ್ಕೆಂದು ಕಟ್ಟಿಕೊಂಡಿದ್ದ ಪುಟ್ಟ ಗುಡಿಯ ಪಕ್ಕದಲ್ಲಿ.

*

ಇಪ್ಪತ್ತಮೂರು ವರ್ಷ ಕಳೆದವು. ಅಷ್ಟರಲ್ಲಿ ಖ್ವಾರಿಜ್ಮಿನ ಸುಲ್ತಾನ ಜಲಾಲುದ್ದೀನ್ ನಾಡನ್ನು ತುಳಿದು ಹೋಗಿದ್ದ. 1236ರಲ್ಲಿ ಮಂಗೋಲರ ದಂಡು ಬಂತು. ಅವರು ನೆಲೆಯೂರಲೆಂದೇ ಬಂದಿದ್ದರು.

ಮ್ಖಿತಾರನ ಶಿಷ್ಯ ವಾನಾಕಾನ್ ಆಗ ತವುಶ್ ಸೀಮೆಯ ಕಡಿದಾದ ಬಂಡೆಯಲ್ಲಿ ಗುಹೆ ಕೊರೆದು ವಾಸವಾಗಿದ್ದ. ಅವನ ಹಿಂದಿನ ಮಠ ಜಲಾಲುದ್ದೀನನ ದಾಳಿಯಲ್ಲಿ ಹಾಳಾಗಿತ್ತು. ಗುಹೆಯಲ್ಲೇ ಪುಟ್ಟ ಚರ್ಚು ಮಾಡಿ, ಪುಸ್ತಕ ಕೂಡಿಟ್ಟು, ಶಿಷ್ಯರಿಗೆ ಪಾಠ ಹೇಳುತ್ತಿದ್ದ. ಆ ಶಿಷ್ಯರಲ್ಲಿ ಕಿರಾಕೋಸನೂ ಒಬ್ಬ. ದಂಡು ಬಂದ ಸುದ್ದಿಗೆ ಸುತ್ತಲ ಹಳ್ಳಿಗರು ಮಕ್ಕಳುಮರಿ ಕಟ್ಟಿಕೊಂಡು ಗುಹೆಗೆ ಓಡಿಬಂದರು. ಕೆಳಗೆ ಮೊಲಾರ್ ಎಂಬ ಮಂಗೋಲ್ ನಾಯಕನ ಮುತ್ತಿಗೆ. ಮೇಲೆ ಕಾಳಿಲ್ಲ, ನೀರಿಲ್ಲ. ಬಾಯಾರಿದ ಮಕ್ಕಳ ಅಳು ಸಹಿಸಲಾರದೆ ವಾನಾಕಾನ್ ಬಂಡೆಯಿಳಿದು ಬಂದ. ಬಿಸಿಲು ಸುಡುವ ಕಾಲ. ನಾಯಕ ಎದುರಿನ ದಿಬ್ಬದಲ್ಲಿ ತಲೆಯ ಮೇಲೆ ನೆರಳಿನ ಬಟ್ಟೆ ಹಿಡಿಸಿಕೊಂಡು ಕುಳಿತಿದ್ದನೆಂದು ಕಿರಾಕೋಸ ನೆನೆದಿದ್ದಾನೆ. ಸೆರೆಯ ನೋವು, ಹಸಿವು, ಬರಿಗಾಲ ನಡಿಗೆಗಳ ನಡುವೆಯೂ ಆ ನೆರಳಿನ ಬಟ್ಟೆ ಅವನ ಕಣ್ಣಿನಿಂದ ಮಾಸಿರಲಿಲ್ಲ.

ಗುರುವೂ ಶಿಷ್ಯನೂ ಸೆರೆಯಾದರು. ಓದುಬರಹ ಬಲ್ಲವನೆಂದು ಕಿರಾಕೋಸನನ್ನು ಬೇರೆ ಮಾಡಿ ಕಾಗದಪತ್ರ ಬರೆಯುವ, ಓದುವ ಕೆಲಸಕ್ಕೆ ಹಚ್ಚಿದರು. ಬೇಸಗೆ ಕಳೆಯುವವರೆಗೆ ಅವನು ಅವರ ಪಾಳೆಯದಲ್ಲಿ ಅಲೆದ. ಕಣ್ಣು ಕಿವಿಗಳನ್ನು ಮಾತ್ರ ಯಾರೂ ಕಟ್ಟಿರಲಿಲ್ಲ. ಆ ಜನರ ಮುಖಚಹರೆ, ಊಟ, ನಂಬಿಕೆಗಳನ್ನೆಲ್ಲ ಗಮನಿಸಿದ. ಅವರ ಮಾತನ್ನೂ ಹೆಕ್ಕಿದ. ತನ್ನ ಚರಿತ್ರೆಯಲ್ಲಿ ಆ ನುಡಿಯ ಹತ್ತಾರು ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ: ದೇವರಿಗೆ ತೆಂಗ್ರಿ, ಸೂರ್ಯನಿಗೆ ನರಾನ್, ಚಂದ್ರನಿಗೆ ಸರಾ, ಕುದುರೆಗೆ ಮೋರಿ. ಮಂಗೋಲ್ ನುಡಿಯ ಬಗ್ಗೆ ನಮಗೆ ದೊರೆತಿರುವ ಬಹಳ ಹಳೆಯ ದಾಖಲೆಗಳಲ್ಲಿ ಇದೊಂದು. ತನ್ನ ನಾಡನ್ನು ಸುಡುತ್ತಿದ್ದವರ ಮಾತನ್ನು ಸೆರೆಯಾಳೊಬ್ಬ ಹೀಗೆ ಕಾಪಿಟ್ಟ.

ಕೊನೆಗೆ ಗಾಗ್ ಕೋಟೆಯ ಕ್ರೈಸ್ತರು 80 ದಹೇಕಾನ್ ನಾಣ್ಯ ತೆತ್ತು ವಾನಾಕಾನನನ್ನು ಬಿಡಿಸಿಕೊಂಡರು. ಕಿರಾಕೋಸನನ್ನು ಬಿಡಲು ಮೊಲಾರನಿಗೆ ಮನಸ್ಸಿರಲಿಲ್ಲ. ನಮ್ಮೊಡನೆ ಇರು, ಡೇರೆ ಕೊಡುತ್ತೇನೆ, ಮದುವೆ ಮಾಡಿಸುತ್ತೇನೆ ಎಂದು ಆಸೆ ತೋರಿಸಿದ. ಅದೇ ರಾತ್ರಿ ಕಿರಾಕೋಸ ಕತ್ತಲಲ್ಲಿ ಪಾರಾದ. ಓಡಿಬಂದದ್ದು ತಾನು ಬೆಳೆದ ಗೆತಿಕ್ ಮಠಕ್ಕೆ. ಬಂದು ನೋಡಿದರೆ ಮಂಗೋಲರು ಅವನಿಗಿಂತ ಮುಂಚೆಯೇ ಅಲ್ಲಿಗೆ ಬಂದು ಹೋಗಿದ್ದರು. ಅಲ್ಲಿನ ಕಟ್ಟಡಗಳನ್ನು ಸುಟ್ಟು ಹಾಕಿದ್ದರೆಂದು ಅವನು ಬರೆಯುತ್ತಾನೆ. ಮರದ್ದೆಲ್ಲ ಬೂದಿಯಾಗಿರಬೇಕು, ಕಲ್ಲಿನದು ಮಸಿ ಹಿಡಿದು ನಿಂತಿತ್ತು.

ಆಮೇಲಿನ ವರ್ಷಗಳ ಲೆಕ್ಕವನ್ನು ಈ ಮಠದ ಕಟ್ಟಡಗಳೇ ಹೇಳುತ್ತವೆ. ಬೆಂಕಿ ಬಿದ್ದದ್ದು 1236. ಮಠದ ಮೂಲೆಯಲ್ಲಿರುವ, ಕುಸುರಿ ಕೆತ್ತನೆಯಿಂದ ಮೈತುಂಬಿದ ಸಂತ ಗ್ರಿಗೋರ್ ಲುಸಾವೋರಿಚ್ ಗುಡಿಯ ಕಾಲ 1237. ಮ್ಖಿತಾರ ಅರ್ಧಕ್ಕೆ ಬಿಟ್ಟುಹೋಗಿದ್ದ ಸಂತ ಗ್ರಿಗೋರನ ಚರ್ಚು ಪೂರ್ತಿಯಾದದ್ದು 1241. ಪುಸ್ತಕಗಳಿಗೆಂದೇ ಬೇರೆಯಾಗಿ ಒಂದು ಕಲ್ಲಿನ ಮನೆ ಏಳತೊಡಗಿದ್ದೂ 1241. ಅದೇ 1241ರಲ್ಲಿ ಕಿರಾಕೋಸ ತನ್ನ ಚರಿತ್ರೆಯನ್ನು ಬರೆಯಲು ಕುಳಿತ. ಮಂಗೋಲರ ಆಳ್ವಿಕೆ ಮುಗಿದಿರಲಿಲ್ಲ. ಕಪ್ಪ ಕೊಡುವುದು, ಹೆದರುವುದು, ಸಾಯುವುದು ಯಾವುದೂ ನಿಂತಿರಲಿಲ್ಲ. ಒಳ್ಳೆಯ ಕಾಲ ಬರಲಿ ಎಂದು ಕಾಯದೆ ಮಠದವರು ಗಾರೆ ಕಲಸಿದರು, ಮಸಿ ಅರೆದರು.

ಆ ಪುಸ್ತಕಮನೆಯನ್ನು ಯಾತ್ರಿಕರು ಸಾವಕಾಶವಾಗಿ ನೋಡಬೇಕು. ಒಂದನ್ನೊಂದು ಅಡ್ಡಹಾಯುವ ಕಮಾನುಗಳ ಮೇಲೆ ಅದರ ಚಾವಣಿ ನಿಂತಿದೆ. ನಡುವೆ ಕಂಬದ ಹಂಗಿಲ್ಲ. 1291ರಲ್ಲಿ ಅದರ ತಲೆಯ ಮೇಲೆ ಗಂಟೆಗೋಪುರವುಳ್ಳ ಇನ್ನೊಂದು ಚರ್ಚು ಎದ್ದಿತು. ಅಲ್ಲಿಗೆ ಹತ್ತಲು ಗೋಡೆಯಿಂದ ಹೊರಚಾಚಿದ ಕಲ್ಲಿನ ಮೆಟ್ಟಿಲುಗಳಿವೆ. ಕೆಳಗೆ ಅಕ್ಷರ, ಮೇಲೆ ವೇದಿಕೆ, ಅದರ ಮೇಲೆ ಗಂಟೆ. ತಮಗೆ ಯಾವುದು ಬುನಾದಿಯೆಂಬುದನ್ನು ಕಟ್ಟಿದವರು ಈ ಕ್ರಮದಲ್ಲೇ ಹೇಳಿಬಿಟ್ಟಿದ್ದಾರೆ.

*

ಅದೇ 1291ರ ಇನ್ನೊಂದು ಕೆಲಸ ಲುಸಾವೋರಿಚ್ ಗುಡಿಯ ಬಾಗಿಲ ಬಳಿ ನಿಂತಿದೆ. ಅದೊಂದು ಖಚ್ಕಾರ್: ನೆಟ್ಟಗೆ ನಿಲ್ಲಿಸಿದ ಕಲ್ಲಿನ ಮೇಲೆ ಬಿಡಿಸಿದ ಶಿಲುಬೆ. ಅರ್ಮೇನಿಯದಲ್ಲಿ ಖಚ್ಕಾರ್ ಇಲ್ಲದ ಊರಿಲ್ಲ, ಸ್ಮಶಾನವಿಲ್ಲ. ಗೆದ್ದ ಯುದ್ಧಕ್ಕೆ, ಕಟ್ಟಿದ ಸೇತುವೆಗೆ, ಸತ್ತವರ ಆತ್ಮಕ್ಕೆ ಅದನ್ನು ನಿಲ್ಲಿಸುವುದು ವಾಡಿಕೆ. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಈ ಕಲ್ಲಿನ ಜೊತೆಗೆ ಹೋಲಿಸಲು ಮತ್ತೊಂದು ಕಲ್ಲು ಸಿಗುವುದು ದುರ್ಲಭ. ಶಿಲುಬೆಯ ಸುತ್ತ ಎಳೆಗೆ ಎಳೆ ಹೆಣೆದುಕೊಂಡ ಬಳ್ಳಿಗಳು, ಅಂಚಿನಲ್ಲಿ ಒಂದನ್ನೊಂದು ಹೋಲದ ನಕ್ಷತ್ರಗಳ ಸಾಲು. ಕಲ್ಲನ್ನು ಒಂದರ ಹಿಂದೆ ಒಂದಾಗಿ ಹಲವು ಪದರಗಳಲ್ಲಿ ಕೊರೆದಿರುವುದರಿಂದ ಬೆಳಕು ಅದರೊಳಗೆ ಇಳಿದು ನಿಲ್ಲುತ್ತದೆ. ಜನ ಇದನ್ನು ಸೂಜಿಗೆಲಸದ ಕಲ್ಲೆಂದೇ ಕರೆಯುತ್ತಾರೆ. ಅರ್ಜು ಖಾತೂನಳ ತೆರೆಯನ್ನು ನೋಡಿ ಬೆರಗಾದವರ ಮೊಮ್ಮಕ್ಕಳಿಗೆ ಈ ಕಲ್ಲು ಏನನ್ನು ನೆನಪಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕೆತ್ತಿದವನು ತನ್ನ ಹೆಸರನ್ನು ಕೆಳಗೆ ಬರೆದಿದ್ದಾನೆ: ಪೋಘೋಸ್. ಅಷ್ಟೇ. ಇದರ ಜೊತೆಯ ಕಲ್ಲನ್ನು ರಾಜಧಾನಿ ಯೆರೆವಾನಿನ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಒಯ್ದಿದ್ದಾರೆ. ಜೋಡಿಯಲ್ಲಿ ಒಂದು ಕಾಡಿನ ಮಳೆಯಲ್ಲಿ ನೆನೆಯುತ್ತದೆ, ಇನ್ನೊಂದು ನಗರದ ಚಾವಣಿಯಡಿ ಒಣಗಿದೆ.

ಮುಂದಿನ ಶತಮಾನಗಳಲ್ಲಿ ಮಠದ ಕಳೆ ಇಳಿಯಿತು. ಓದುವವರು ಚದುರಿದರು. ಕಾಡು ಅಂಗಳದವರೆಗೆ ಬಂತು. ಮಾಡಿನ ಸಂದುಗಳಲ್ಲಿ ಹುಲ್ಲು ಬೇರಿಳಿಸಿತು. ಸೋವಿಯತ್ ಕಾಲದಲ್ಲಿ ದುರಸ್ತಿ ನಡೆದು ಗೋಡೆಗಳು ಮತ್ತೆ ನೆಟ್ಟಗಾದವು.

ಮ್ಖಿತಾರನ ಪುಸ್ತಕ ಮಾತ್ರ ಆ ಹೊತ್ತಿಗೆ ಬಹಳ ದೂರ ನಡೆದಿತ್ತು. 1265ರಲ್ಲಿ ಕಿಲಿಕಿಯದ ಅರ್ಮೇನಿಯನ್ ರಾಜ್ಯದ ದಂಡನಾಯಕ ಸ್ಮ್ಬಾತ್ ತನ್ನ ನ್ಯಾಯಸಂಹಿತೆಗೆ ಅದನ್ನೇ ಆಧಾರ ಮಾಡಿಕೊಂಡ. ಅರಸನಿಗೆಂದು ಮೊದಲೇ ಹಾಕಿಟ್ಟ ಮಣೆಗೆ ಕಡೆಗೂ ಒಬ್ಬ ಅರಸ ಸಿಕ್ಕಿದ. ವಲಸೆ ಹೋದ ಅರ್ಮೇನಿಯನ್ನರು ಗಂಟಿನಲ್ಲಿ ಕಟ್ಟಿಕೊಂಡು ಹೋದ ಆ ಗ್ರಂಥ ಪೋಲೆಂಡ್ ರಾಜ್ಯದ ಲ್ವೀವ್ ನಗರ ಸೇರಿತು. 1519ರಲ್ಲಿ ದೊರೆ ಒಂದನೆಯ ಸಿಗಿಸ್ಮುಂಡ್ ಲ್ಯಾಟಿನ್ ರೂಪದಲ್ಲಿ ಅದಕ್ಕೆ ಮುದ್ರೆಯೊತ್ತಿ, ಅಲ್ಲಿನ ಅರ್ಮೇನಿಯನ್ನರಿಗೆ ಅದೇ ಕಾನೂನೆಂದು ಒಪ್ಪಿದ. ಹದಿನೆಂಟನೆಯ ಶತಮಾನದಲ್ಲಿ ಜಾರ್ಜಿಯಾದ ಆರನೆಯ ವಾಖ್ತಂಗ ದೊರೆ ಮಾಡಿಸಿದ ಕಾನೂನುಗಳ ಸಂಗ್ರಹದಲ್ಲೂ ಅದು ಜಾಗ ಪಡೆಯಿತು.

ನ್ಯಾಯವನ್ನು ಮೊದಲು ಬರೆದಿಡು, ನಾಡು ಆಮೇಲೆ ಬರಲಿ ಎಂಬ ಈ ಹಟದ ಇನ್ನೊಂದು ಕುಡಿ ನಮ್ಮ ತೆಂಕಣದ ಕಡಲತೀರದಲ್ಲೇ ಚಿಗುರಿತು. ಮದರಾಸಿನಲ್ಲಿ ನೆಲೆಸಿದ್ದ ಅರ್ಮೇನಿಯನ್ ವರ್ತಕ ಶಹಮೀರ್ ಶಹಮೀರಿಯಾನನ ಮುದ್ರಣಾಲಯದಿಂದ 'ವೊರೊಗಾಯ್ತ್ ಪಾರಾತ್ಸ್' ಎಂಬ ಪುಸ್ತಕ ಹೊರಬಂತು. ಮುಖಪುಟದ ಮೇಲಿನ ವರ್ಷ 1773. ಅದರಲ್ಲಿದ್ದುದು ಇನ್ನೂ ಹುಟ್ಟಿರದ ಸ್ವತಂತ್ರ ಅರ್ಮೇನಿಯಕ್ಕೆ 521 ವಿಧಿಗಳ ಸಂವಿಧಾನ. 1794ರಲ್ಲಿ ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಅಚ್ಚಾದದ್ದೂ ಮದರಾಸಿನಲ್ಲೇ. ಚೆನ್ನೈಯ ಅರ್ಮೇನಿಯನ್ ಬೀದಿಯ ಹಳೆಯ ಚರ್ಚಿನ ಅಂಗಳದಲ್ಲಿ ಹೆಜ್ಜೆಯಿಟ್ಟವರು ತಿಳಿಯದೆಯೇ ತಂಝುತ್ ಕಣಿವೆಯ ದೂರದ ನೆಂಟರನ್ನು ಕಂಡು ಬಂದಿರುತ್ತಾರೆ.

*

ಮಠವನ್ನು ನೋಡಿ ಮುಗಿಸಿದವರು ಮರಳುವ ಮುನ್ನ ಒಂದು ಏರು ಹತ್ತಬೇಕು. ಹಳ್ಳಿಯಾಚೆಯ ಗುಡ್ಡದ ಮೇಲೆ ಆ ಪುಟ್ಟ ಗುಡಿ, ಅದರ ಬಳಿ ಮ್ಖಿತಾರನ ಸಮಾಧಿಯ ತಾಣ. ನೋಡಲು ಅಲ್ಲಿ ಹೆಚ್ಚೇನೂ ಇಲ್ಲ. ಗವಿತ್‌ನ ಗಾಂಭೀರ್ಯ, ಪೋಘೋಸನ ಕುಸುರಿ ಎಲ್ಲ ಕೆಳಗೆ ಉಳಿದವು. ಆದರೆ ಅಲ್ಲಿಂದ ತಿರುಗಿ ನೋಡಿದರೆ ಅವನು ಕಣ್ಣಾರೆ ಕಾಣದೆ ಹೋದದ್ದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ: ಅವನು ಅರ್ಧಕ್ಕೆ ಬಿಟ್ಟ ಚರ್ಚಿನ ಮುಗಿದ ಮಾಡು, ಬೆಂಕಿಯ ಮರುವರ್ಷದ ಗುಡಿ, ಪುಸ್ತಕಗಳ ನೆತ್ತಿಯ ಮೇಲಿನ ಗಂಟೆಗೋಪುರ.

ಸುತ್ತ ಕಾಡು. ಶರತ್ಕಾಲದಲ್ಲಿ ಬಂದವರಿಗೆ ದಾರಿಯ ಮಗ್ಗುಲಲ್ಲಿ ಕಾಡು ಮರಸೇಬಿನ ಹಣ್ಣು ಉದುರಿ ಬಿದ್ದಿರುವುದು ಕಾಣುತ್ತದೆ. ಅಂಗೈಯೊಳಗೆ ಅಡಗುವಷ್ಟು ಸಣ್ಣದು, ಒಗರು. ಯಾರೂ ನೆಟ್ಟದ್ದಲ್ಲ, ಬಿದ್ದಲ್ಲಿ ಬೀಜ ಮತ್ತೆ ಮೊಳೆಯುತ್ತದೆ.